ಅಂಟಿನ ಮಾಸ್ಕಿನಿಂದ ಸೋಪಿನ ನೀರಿಗೆ

ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಹುಟ್ಟಿದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ನಿದ್ರೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ತೀವ್ರವಾದರೆ ಕತ್ತಿನಲ್ಲಿ ರಂಧ್ರ ಮಾಡುವುದೇ ಆಗಿನ ಚಿಕಿತ್ಸೆ. ಅದರ ಬದಲು ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ನೋಡಿದರು. ಐವರು ರೋಗಿಗಳ ವರದಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಮೊದಮೊದಲು ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡುತ್ತಿದ್ದರು. ಅದನ್ನು ರಾತ್ರಿ ಸಿಲಿಕೋನ್ ಅಂಟಿನಿಂದ ಮೆತ್ತಬೇಕು, ಬೆಳಿಗ್ಗೆ ಕಿತ್ತು ಅಂಟು ಸುಲಿಯಬೇಕು. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬ ಪ್ರಶ್ನೆಗೇ ಜಾಗವಿರಲಿಲ್ಲ! ಪಟ್ಟಿ ಕಟ್ಟಿ ಹಾಕುವ ಮೆತ್ತನೆಯ ಮಾಸ್ಕ್ ಬಂದ ಮೇಲೆ ಸೋಮಾರಿತನಕ್ಕೆ ಅವಕಾಶ ಸಿಕ್ಕಿತು.

ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ ಸೇರಿದಾಗ ಹೊಸ ತಲೆನೋವು. ನಿಂತ ನೀರಿನ ತಳದಲ್ಲಿ ಲೋಳೆ, ಗಡಸು ನೀರಾದರೆ ಅಂಚಿನಲ್ಲಿ ಬಿಳಿ ಉಪ್ಪಿನ ಕರೆ. ಡಿಸ್ಟಿಲ್ಡ್ ವಾಟರ್ ಹಾಕಬೇಕೆಂಬ, ಉಳಿದದ್ದನ್ನು ದಿನವೂ ಚೆಲ್ಲಬೇಕೆಂಬ ಸಲಹೆ ಬಂದದ್ದು ಇದರಿಂದಲೇ. ಮುಖದ ಜಿಡ್ಡು ಹತ್ತುವ ಮಾಸ್ಕಿನ ಅಂಚಿಗೆ ದಿನವೂ, ಕೊಳವೆ, ಪಟ್ಟಿಗಳಿಗೆ ವಾರಕ್ಕೊಮ್ಮೆ ಬೆಚ್ಚನೆಯ ಸೋಪಿನ ನೀರು ಎಂಬುದು ಸಾಮಾನ್ಯ ರೂಢಿಯಾಯಿತು.

ತೊಳೆಯುವ ಈ ಬೇಸರವನ್ನೇ ಬಂಡವಾಳ ಮಾಡಿಕೊಂಡು, ಓಝೋನ್ ಅನಿಲದಿಂದ ಶುಚಿ ಮಾಡುವ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಅವುಗಳಿಂದ ಕೆಮ್ಮು, ಉಸಿರಾಟದ ತೊಂದರೆ ಆಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತು. 2021ರಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗುವ ಕಾರಣಕ್ಕೆ ಲಕ್ಷಾಂತರ ಸಿಪ್ಯಾಪ್ ಯಂತ್ರಗಳನ್ನು ವಾಪಸ್ ಕರೆಸಿಕೊಂಡಾಗ, ಓಝೋನ್ ಆ ಸವೆತವನ್ನು ಹೆಚ್ಚಿಸಬಹುದೆಂಬ ಮಾತೂ ಬಂತು. ತಯಾರಕರ ಕೈಪಿಡಿಗಳಲ್ಲಿ ಇಂದಿಗೂ ಇರುವುದು ಸೌಮ್ಯ ಸೋಪು, ನೀರು, ನೆರಳಿನಲ್ಲಿ ಒಣಗಿಸುವಿಕೆ.