ಹಳೆಯ ಗಾಡಿಯ ಎರಡನೆಯ ಬದುಕು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಿರಿಯರು ರೈಲು ಎನ್ನುವುದು ಕಡಿಮೆ, 'ಗಾಡಿ' ಎನ್ನುವುದೇ ರೂಢಿ. ನಾವು ಚಿಕ್ಕವರಿದ್ದಾಗ ನಾನಿಯ ಕೈಹಿಡಿದು ಘಟಪ್ರಭಾ ಸ್ಟೇಷನ್ನಿನಲ್ಲಿ ಆ ಗಾಡಿ ಹತ್ತಿದ್ದೆವು. ನಾನಿಯ ಕಣ್ಣಿಗೆ ಪೊರೆ ಬಂದಿತ್ತು, ಮಿರಜದ ದವಾಖಾನೆಗೆ ಹೋಗಬೇಕಿತ್ತು. ಮರದ ಪಟ್ಟಿಯ ಸೀಟು, ಕಿಟಕಿಗೆ ಅಡ್ಡ ಸರಳು, ಒಳಗೆ ಕರದಂಟು ಮಾರುವವನ ಕೂಗು. ಆ ಡಬ್ಬಿ ಎಷ್ಟು ಹಳೆಯದೋ ನಮಗೆ ಗೊತ್ತಿರಲಿಲ್ಲ. ಗಾಡಿ ಹಳೆಯದೆಂದು ಯಾರೂ ಗೊಣಗಿದ್ದೂ ನೆನಪಿಲ್ಲ. ಬಂತಲ್ಲ ಎಂಬುದೇ ಸಮಾಧಾನ.

ಆ ಗಾಡಿ ಈಗಿಲ್ಲ. ಹಾಗಾದರೆ ಅದು ಎಲ್ಲಿಗೆ ಹೋಯಿತು? ಮನುಷ್ಯನಂತೆ ಗಾಡಿಗೂ ಮುಪ್ಪು ಬರುತ್ತದೆ. ಮುಪ್ಪಾದ ಗಾಡಿಯನ್ನು ಒಂದು ಸಮಾಜ ಏನು ಮಾಡುತ್ತದೆ, ಯಾರಿಗೆ ಕೊಡುತ್ತದೆ ಎಂಬುದರಲ್ಲಿ ಆ ಸಮಾಜದ ಮನಸ್ಸೂ ಕಾಣುತ್ತದೆ.

ಬರಗಾಲ ತಂದ ಹಳಿ

1876ರಿಂದ 78ರವರೆಗಿನ ಭೀಕರ ಬರ ನಮ್ಮ ಭಾಗವನ್ನು ಹಿಂಡಿ ಹಿಪ್ಪೆ ಮಾಡಿತು. ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಆ ಪಾಠದ ಮೇಲೆ 1882ರಲ್ಲಿ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದು ಹಾಕಿದ್ದು ಮೀಟರ್‌ಗೇಜ್ ಹಳಿ, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಕಡಿಮೆ ಖರ್ಚು, ಚಿಕ್ಕ ಗಾಡಿ. 1880ರ ದಶಕ ಮುಗಿಯುವ ಹೊತ್ತಿಗೆ ಲೋಂಡಾ, ಬೆಳಗಾವಿ, ಗೋಕಾಕ ರೋಡ್ ಮಾರ್ಗವಾಗಿ ಮಿರಜದ ಕಡೆಗೆ ಹೊಗೆಗಾಡಿ ಓಡತೊಡಗಿತು. ಅದೇ ದಶಕದಲ್ಲಿ ಗೋಕಾಕ ಫಾಲ್ಸಿನಲ್ಲಿ ಬಟ್ಟೆ ಗಿರಣಿ ಎದ್ದು ನಿಂತಿತು, ಜಲಪಾತದ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸವೂ ನಡೆಯಿತು.

ಆದರೆ ಹಳಿ ಊರೊಳಗೆ ಬರಲಿಲ್ಲ. ಗೋಕಾಕ ಪೇಟೆಯವರು ಗೋಕಾಕ ರೋಡಿಗೋ ಘಟಪ್ರಭಾಕ್ಕೋ ಹೋಗಬೇಕು. ಹುಕ್ಕೇರಿ ತಾಲ್ಲೂಕಿನವರಿಗೆ ಪಾಚ್ಛಾಪುರ ಅಥವಾ ಘಟಪ್ರಭಾ. ಮೂಡಲಗಿ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು, ಪೇಟೆಗೆ ರೈಲು ಮಾತ್ರ ಬರಲಿಲ್ಲ. ಬಂಡಿ, ಟಾಂಗಾ, ಆಮೇಲೆ ಟೆಂಪೋ ಹಿಡಿದು ಸ್ಟೇಷನ್ ಸೇರುವುದೇ ನಮ್ಮ ಪ್ರಯಾಣದ ಮೊದಲ ಅಧ್ಯಾಯ.

ರೈಲ್ವೆಯ ಬೋರ್ಡು ಮಾತ್ರ ಮತ್ತೆ ಮತ್ತೆ ಬದಲಾಯಿತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ. ಗಾಡಿಯೊಳಗಿನ ಜನ ಬದಲಾಗಲಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋಗುವವರು, ಮಿರಜದ ಮೀರಾಸಾಹೇಬರ ಉರುಸಿಗೆ ಹೋಗುವವರು, ದವಾಖಾನೆಗೆ ಹೊರಟ ರೋಗಿಗಳು ಎಲ್ಲರೂ ಒಂದೇ ಬೆಂಚಿನ ಮೇಲೆ. ರೊಟ್ಟಿಯ ಗಂಟು ಬಿಚ್ಚಿದರೆ ಪಕ್ಕದವರಿಗೂ ಒಂದು ತುಂಡು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇದೇ ಮಿರಜದಲ್ಲಿ. ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಮಿರಜ ಮತ್ತು ಧಾರವಾಡ ಸೀಮೆಯ ನಡುವೆ ಸಂಗೀತ ಓಡಾಡಿದ ದಾರಿ ಇದು. ಖಾನ್ ಸಾಹೇಬರು 1937ರಲ್ಲಿ ಕೊನೆಯುಸಿರೆಳೆದದ್ದೂ ಪ್ರಯಾಣದ ನಡುವೆ, ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ.

ಗೇಜು ಬದಲಾದ ದಿನಗಳು

ಪುಣೆ–ಮಿರಜ ಹಾದಿ 1970ರ ದಶಕದ ಆರಂಭದ ಹೊತ್ತಿಗೆ ಬ್ರಾಡ್‌ಗೇಜ್ ಆಗಿತ್ತು. ನಮ್ಮ ಕಡೆಯದು ಮೀಟರ್‌ಗೇಜ್ ಆಗಿಯೇ ಉಳಿಯಿತು. ಮುಂಬಯಿಗೆ ದುಡಿಯಲು ಹೊರಟವರು ಮಿರಜದಲ್ಲಿ ಟ್ರಂಕು, ಹಾಸಿಗೆಸುರುಳಿ, ಮಕ್ಕಳನ್ನು ಇಳಿಸಿಕೊಂಡು ಗಾಡಿ ಬದಲಿಸಬೇಕಾಗಿತ್ತು. ಸರಕನ್ನೂ ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕು. ಗೇಜಿನ ಭೇದವೆಂದರೆ ಬಡವನ ಬೆನ್ನಿನ ಮೇಲಿನ ಭಾರ.

ಈ ಭೇದವನ್ನು ತೊಡೆಯಲು ಹಟ ಹಿಡಿದವರು ಚಳ್ಳಕೆರೆಯ ಸಿ.ಕೆ. ಜಾಫರ್ ಶರೀಫ್. 1991ರಲ್ಲಿ ರೈಲ್ವೆ ಮಂತ್ರಿಯಾದ ಅವರು 1992ರಲ್ಲಿ 'ಯೂನಿಗೇಜ್' ಯೋಜನೆ ಆರಂಭಿಸಿದರು. ದೇಶದ ಹಳಿಗಳೆಲ್ಲ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಆಗಬೇಕೆಂಬುದು ಗುರಿ. ಬಹುಪಾಲು ಮೀಟರ್‌ಗೇಜಿನಲ್ಲೇ ಇದ್ದ ಕರ್ನಾಟಕಕ್ಕೆ ಇದರಿಂದ ದೊಡ್ಡ ಲಾಭವಾಯಿತು. 90ರ ದಶಕದಲ್ಲಿ ನಮ್ಮ ಮಿರಜ–ಲೋಂಡಾ ಹಾದಿಯೂ ಅಗಲವಾಯಿತು. 2018ರಲ್ಲಿ ಶರೀಫ್ ಸಾಹೇಬರು ತೀರಿಕೊಂಡಾಗ ಈ ಹಳಿಗಳೇ ಅವರ ಸ್ಮಾರಕವೆಂದು ಅನೇಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಹಳಿ ಅಗಲವಾದ ದಿನ ಹಳೆಯ ಗಾಡಿಗಳು ಅನಾಥವಾದವು. ಒಂದು ಮೀಟರಿನ ಗಾಲಿ ಅಗಲ ಹಳಿಯ ಮೇಲೆ ನಿಲ್ಲುವುದಿಲ್ಲ. ಗಟ್ಟಿಯಿದ್ದ ಡಬ್ಬಿಗಳಿಗೆ ದೇಶದಲ್ಲಿ ಇನ್ನೂ ಉಳಿದಿದ್ದ ಮೀಟರ್‌ಗೇಜ್ ಹಾದಿಗಳೇ ದಿಕ್ಕು. ವೈಡಿಎಂ–4 ಎಂಬ ಡೀಸೆಲ್ ಎಂಜಿನ್ನುಗಳು 1960ರ ದಶಕದಿಂದ ಮೀಟರ್‌ಗೇಜಿನ ದುಡಿಯುವ ಎತ್ತುಗಳಾಗಿದ್ದವು. ಅವುಗಳಲ್ಲಿ ಕೆಲವು ದುರಸ್ತಿಗೊಂಡು, ಬಣ್ಣ ಬಳಿಸಿಕೊಂಡು, ಮ್ಯಾನ್ಮಾರ್, ಮಲೇಷ್ಯಾದಂಥ ಮೀಟರ್‌ಗೇಜ್ ದೇಶಗಳಿಗೆ ಹಡಗು ಹತ್ತಿದವು. ಮಿಕ್ಕವು ಗುಜರಿಗೆ. ಹಳೆಯ ಕಾಲದ ಗಾಡಿಗಳ ನೆನಪು ಉಳಿಸಲು ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ಮ್ಯೂಸಿಯಂ ತೆರೆದಿದೆ.

ಅಣ್ಣನ ಅಂಗಿ ತಮ್ಮನಿಗೆ

ರೈಲನ್ನು ಜಗತ್ತಿಗೆ ಕೊಟ್ಟ ಬ್ರಿಟನ್ನಿನಲ್ಲೂ ಇದೇ ಕಥೆ. ಅಲ್ಲಿ ಒಂದು ಭಾಗಕ್ಕೆ ಹೊಸ ಗಾಡಿ ಬಂದರೆ ಅಲ್ಲಿದ್ದ ಹಳೆಯ ಡೀಸೆಲ್ ಗಾಡಿಯನ್ನು ರಿಪೇರಿ ಮಾಡಿ ಇನ್ನೊಂದು ಭಾಗಕ್ಕೆ ಕಳಿಸುವ ಪದ್ಧತಿಯಿದೆ. ನಮ್ಮ ಮನೆಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ. 1980ರ ದಶಕದಲ್ಲಿ ಹಣದ ಕೊರತೆಯಾದಾಗ ಅವರು ಬಸ್ಸಿನ ಮೈಯನ್ನು ನಾಲ್ಕು ಗಾಲಿಯ ಚೌಕಟ್ಟಿನ ಮೇಲೆ ಕೂರಿಸಿ 'ಪೇಸರ್' ಎಂಬ ಅಗ್ಗದ ಗಾಡಿ ಮಾಡಿದರು. ತಾತ್ಕಾಲಿಕವೆಂದು ಬಂದದ್ದು ಮೂರು ದಶಕ ದಾಟಿ ಓಡಿತು, ಅದೂ ಹೆಚ್ಚಾಗಿ ಉತ್ತರ ಇಂಗ್ಲೆಂಡ್ ಮತ್ತು ವೇಲ್ಸ್ ಕಡೆ. ಅಲ್ಲಿಯ ಜನ ಕುಲುಕಾಟಕ್ಕೆ ಬೇಸತ್ತು ಶಪಿಸಿದರು. ಅಂಗವಿಕಲರೂ ಹತ್ತುವಂತೆ ಎಲ್ಲ ಗಾಡಿಗಳಿರಬೇಕು ಎಂಬ ನಿಯಮಕ್ಕೆ 2020ರ ಜನವರಿ 1ರ ಗಡುವು ಬಂದಾಗಲೇ ಪೇಸರಿನ ಕಾಲ ಮುಗಿದದ್ದು. ಕೊನೆಯವು 2021ರಲ್ಲಿ ನಿಂತವು. ಕೆಲವನ್ನು ಶಾಲೆಗೆ, ಆಸ್ಪತ್ರೆಗೆ ಕೊಟ್ಟರು.

ನಮ್ಮಲ್ಲೂ ರೈಲ್ ಬಸ್ಸಿನ ಪ್ರಯೋಗ ನಡೆದಿತ್ತು. ಬಂಗಾರಪೇಟೆ–ಕೋಲಾರ, ಶಿವಮೊಗ್ಗ–ತಾಳಗುಪ್ಪ ಹಾದಿಗಳಲ್ಲಿ ಅದನ್ನು ಹತ್ತಿದವರು ಇನ್ನೂ ಇದ್ದಾರೆ. ನಮ್ಮ ಪ್ರಯಾಣಿಕ ಡಬ್ಬಿಗೆ ಸಾಮಾನ್ಯವಾಗಿ 25 ವರ್ಷ ಆಯುಸ್ಸು. ನಡುನಡುವೆ ಹುಬ್ಬಳ್ಳಿಯಂಥ ಕಾರ್ಯಾಗಾರಗಳಲ್ಲಿ ಅದನ್ನು ಬಿಚ್ಚಿ, ತುಕ್ಕು ಹಿಡಿದ ತಗಡು ಕತ್ತರಿಸಿ, ಹೊಸದು ಬೆಸೆದು, ಗಾಲಿ ಪರೀಕ್ಷಿಸಿ ಮತ್ತೆ ಹಳಿಗೆ ಕಳಿಸುತ್ತಾರೆ. ವಯಸ್ಸಾದ ಮೇಲೆ ಕೆಲವು ಡಬ್ಬಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ತುದಿಗೆ ಬಾಗಿಲಿಟ್ಟು ಕಾರು ಸಾಗಿಸುವ ವ್ಯಾಗನ್ ಮಾಡುತ್ತಾರೆ. 2020ರ ಕೊರೋನಾ ಕಾಲದಲ್ಲಿ ಹಳೆಯ ಡಬ್ಬಿಗಳು ರೋಗಿಗಳನ್ನು ಪ್ರತ್ಯೇಕ ಇರಿಸುವ ವಾರ್ಡುಗಳಾದವು. 2019ರಲ್ಲಿ ವಾರಾಣಸಿಯ ಕಾರ್ಖಾನೆ ಡೀಸೆಲ್ ಎಂಜಿನ್ನನ್ನೇ ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸಿ ತೋರಿಸಿತು. ಹಳೆಯದೆಂದರೆ ಬಿಸಾಡುವುದಲ್ಲ ಎಂಬ ವಿದ್ಯೆ ನಮ್ಮ ಕೆಲಸಗಾರರಿಗೆ ಚೆನ್ನಾಗಿ ಗೊತ್ತು.

ಉಳಿಯಬೇಕಾದದ್ದು ಯಾವುದು?

ಈಗ ನಮ್ಮ ಹಾದಿಯ ಮೇಲೆ ವಿದ್ಯುತ್ ತಂತಿ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಶುರುವಾಯಿತು. ಒಳ್ಳೆಯದೇ. ಆದರೆ ಅದು ಪಾಚ್ಛಾಪುರದಲ್ಲಿ ನಿಲ್ಲುವ ಗಾಡಿಯಲ್ಲ. 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ಗಾಡಿಗಳು ದೇಶದಾದ್ಯಂತ ನಿಂತವು. ಮತ್ತೆ ಬಂದಾಗ ಹಲವು ಕಡೆ ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಗಿತ್ತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯ ಹೊತ್ತಿಗೆ. ಆ ವರ್ಷಗಳಲ್ಲಿ ದೇಶದ ಎಷ್ಟೋ ಸಣ್ಣ ನಿಲ್ದಾಣಗಳು ತಮ್ಮ ನಿಲುಗಡೆ ಕಳೆದುಕೊಂಡವು. ಗಾಡಿ ಅದೇ, ಡಬ್ಬಿ ಅದೇ, ಬಡವನ ಜೇಬಿಗೆ ಮಾತ್ರ ಅದು ಬೇರೆ ಗಾಡಿಯಾಗಿತ್ತು.

ಗಾಡಿ ಮುಪ್ಪಾದರೆ ರಿಪೇರಿ ಮಾಡಬಹುದು, ಬೇರೆ ಊರಿಗೆ ಕಳಿಸಬಹುದು, ಕೊನೆಗೆ ಗುಜರಿಗೂ ಹಾಕಬಹುದು. ನಿಲುಗಡೆ ಒಮ್ಮೆ ತಪ್ಪಿದರೆ ಮರಳಿ ಪಡೆಯುವುದು ಸುಲಭವಲ್ಲ. ಹಳೆಯ ಗಾಡಿಯೇ ಬೇಕೆಂದು ನಾವು ಕೇಳುತ್ತಿಲ್ಲ. ಹೊಸದು ಬರಲಿ. ಆದರೆ ತಮ್ಮನಿಗೆ ಯಾವಾಗಲೂ ಅಣ್ಣನ ಹರಿದ ಅಂಗಿಯೇ ಎಂಬ ಲೆಕ್ಕ ಸರಿಯಲ್ಲ, ಆ ಅಂಗಿಯನ್ನೂ ಕೊಡದೆ ಬರಿಮೈಯಲ್ಲಿ ನಿಲ್ಲಿಸುವುದಂತೂ ಅನ್ಯಾಯ.

ನಾನಿಯ ಕಣ್ಣು ಮಿರಜದಲ್ಲಿ ಸರಿಹೋಯಿತು. ಹಿಂತಿರುಗುವಾಗ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದೊಂದೇ ಸ್ಟೇಷನ್ನಿನ ಬೋರ್ಡು ಓದಿಸಿಕೊಂಡರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಬೋರ್ಡು ಕಾಣಿಸುತ್ತಿದೆ ಎಂಬುದೇ ಅವರ ಸಂತೋಷ. ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ. ಪ್ರತಿಯೊಂದರಲ್ಲೂ ಗಾಡಿ ನಿಂತಿತ್ತು, ಆದ್ದರಿಂದಲೇ ನಮಗೆ ನಿಧಾನವಾಗಿ ಓದಿ ಹೇಳಲು ಸಾಧ್ಯವಾಯಿತು.