ಜವಳಿ ಗಿರಣಿ ಕಟ್ಟಡಗಳು: ಆರಂಭದ ಇತಿಹಾಸ

ಹಲವು ಯಂತ್ರಗಳನ್ನು ಒಂದೇ ಸೂರಿನಡಿ, ಒಂದೇ ಶಕ್ತಿಮೂಲದಿಂದ ನಡೆಸಲು ಕಟ್ಟಿದ ಬಹುಅಂತಸ್ತಿನ ಕಟ್ಟಡಗಳು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಮುಖ್ಯವಾಗಿ ಡರ್ವೆಂಟ್ ನದಿಯ ಕಣಿವೆಯಲ್ಲಿ ರೂಪುಗೊಂಡವು.

ಗೃಹೋದ್ಯಮ: ಅದಕ್ಕೆ ಮುನ್ನ ವರ್ತಕರು ಹತ್ತಿ, ಉಣ್ಣೆಗಳನ್ನು ಮನೆಮನೆಗೆ ಹಂಚಿ ಕೂಲಿಗೆ ಕೆಲಸ ಮಾಡಿಸುತ್ತಿದ್ದರು. ಹೆಂಗಸರು ರಾಟೆಯಲ್ಲಿ ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು. 1733ರಲ್ಲಿ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದ ಮೇಲೆ ನೇಯ್ಗೆ ಕ್ರಮೇಣ ಚುರುಕಾಗಿ ನೂಲಿನ ಅಭಾವ ತಲೆದೋರಿತು. ಹಾರ್ಗ್ರೀವ್ಸ್ ರೂಪಿಸಿದ ‘ಜೆನ್ನಿ’ ಒಮ್ಮೆಗೇ ಹಲವು ಎಳೆ ನೂಲುತ್ತಿತ್ತು; ಕೈಯಿಂದ ತಿರುಗಿಸುವ ಯಂತ್ರವಾದ್ದರಿಂದ ಮನೆಯಲ್ಲೇ ಹಿಡಿಸಿತು. ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ನೂಲುವ ಯಂತ್ರ ‘ವಾಟರ್ ಫ್ರೇಮ್’ ಜಲಚಕ್ರದಿಂದ ನಡೆಯುವಂಥದ್ದು. ಅದರೊಂದಿಗೆ ನೂಲುವ ಕೆಲಸ ಮನೆ ಬಿಟ್ಟು ನೀರಿದ್ದಲ್ಲಿಗೆ ಹೋಯಿತು.

ಕಟ್ಟಡದ ಸ್ವರೂಪ: 1721ರ ಹೊತ್ತಿಗೆ ಡರ್ಬಿಯಲ್ಲಿ ಸಿದ್ಧವಾಗಿದ್ದ ಲೋಂಬ್ ಸೋದರರ ರೇಷ್ಮೆ ಗಿರಣಿ ಮೊದಲ ಮಾದರಿ. ಆರ್ಕ್‌ರೈಟ್ 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಐದಂತಸ್ತಿನ ಹತ್ತಿ ಗಿರಣಿಯನ್ನು ಕಟ್ಟಿಸಲು ತೊಡಗಿದ. ಸೀಸದ ಗಣಿಯಿಂದ ಹರಿದುಬರುತ್ತಿದ್ದ ಬೆಚ್ಚನೆಯ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಚಕ್ರದ ಶಕ್ತಿ ನೆಟ್ಟನೆಯ ದಂಡದ ಮೂಲಕ ಅಂತಸ್ತಿನಿಂದ ಅಂತಸ್ತಿಗೆ ಏರುತ್ತಿದ್ದುದರಿಂದ ಕಟ್ಟಡ ಎತ್ತರವಾಯಿತು. ಹಗಲ ಬೆಳಕು ನಡುಭಾಗಕ್ಕೂ ಬೀಳಬೇಕಾಗಿದ್ದರಿಂದ ಅಗಲ ಕಿರಿದಾಗಿ, ಗೋಡೆಯುದ್ದಕ್ಕೂ ಕಿಟಕಿಗಳು ಬಂದವು.

ಬೆಂಕಿಯ ಭಯ: ಎಣ್ಣೆ ಹೀರಿದ ಮರದ ನೆಲ, ಗಾಳಿಯಲ್ಲಿ ತೇಲುವ ಅರಳೆಯ ದೂಳು, ರಾತ್ರಿಪಾಳಿಯ ಮೇಣದಬತ್ತಿ ಇವು ಸೇರಿ ಅನೇಕ ಗಿರಣಿಗಳು ಸುಟ್ಟುಹೋದವು. ಚಾರ್ಲ್ಸ್ ಬೇಜ್ ಶ್ರೂಸ್‌ಬರಿಯಲ್ಲಿ ನಾರಗಸೆಯ ನೂಲಿನ ಗಿರಣಿಗೆ ಎರಕದ ಕಬ್ಬಿಣದ ಕಂಬ, ತೊಲೆಗಳನ್ನು ನಿಲ್ಲಿಸಿ ನಡುವೆ ಇಟ್ಟಿಗೆಯ ಕಮಾನು ಕಟ್ಟಿಸಿದ. 1797ರಲ್ಲಿ ಮುಗಿದ ಇದು ಕಬ್ಬಿಣದ ಚೌಕಟ್ಟಿನ ಮೊದಲ ಕಟ್ಟಡ. ಇಂದಿನ ಗಗನಚುಂಬಿಗಳ ಮೂಲಪುರುಷ. 1803ರಲ್ಲಿ ಸುಟ್ಟ ಬೆಲ್ಪರ್‌ನ ಗಿರಣಿಯನ್ನು ವಿಲಿಯಂ ಸ್ಟ್ರಟ್ ಇದೇ ಕ್ರಮದಲ್ಲಿ ಮತ್ತೆ ಕಟ್ಟಿಸಿದ.

ಬದುಕಿನ ಪಲ್ಲಟ: ಗೃಹೋದ್ಯಮ ಒಮ್ಮೆಲೇ ಅಳಿಯಲಿಲ್ಲ. ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ಕಟ್ಟಿಸಿದ ಮೂರಂತಸ್ತಿನ ಮನೆಗಳಲ್ಲಿ ಗಂಡಸರು ಉದ್ದ ಕಿಟಕಿಯ ಅಟ್ಟದಲ್ಲಿ ನೇಯುತ್ತಿದ್ದರು. ಹೆಂಡತಿ, ಮಕ್ಕಳು ಗಿರಣಿಗೆ ದುಡಿಯಲು ಹೋಗುತ್ತಿದ್ದರು. ಗಿರಣಿಯ ನೂಲು ಹೇರಳವಾದಂತೆ ಕೈಮಗ್ಗಗಳೂ ಹೆಚ್ಚಿದವು. 19ನೆಯ ಶತಮಾನದಲ್ಲಿ ಯಂತ್ರಮಗ್ಗ ಹರಡಿದಾಗ ಮಾತ್ರ ನೇಕಾರರ ಕೂಲಿ ಕುಸಿದು, ಮನೆಯ ಮಗ್ಗ ಮೂಲೆ ಸೇರಿತು. ಗಿರಣಿಯ ಪಾಳಿ 12 ಗಂಟೆಯದು. ಎಳೆಯ ಮಕ್ಕಳಿಗೂ ಅದರಿಂದ ಬಿಡುವಿರಲಿಲ್ಲ.

ಜಲಶಕ್ತಿಯ ಗಿರಣಿ ಕರ್ನಾಟಕಕ್ಕೂ ಬಂತು: 1880ರ ದಶಕದಲ್ಲಿ ಘಟಪ್ರಭೆಯ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನೆಲೆಗೊಂಡಿತು. ಡರ್ವೆಂಟ್ ಕಣಿವೆಯ ಗಿರಣಿಗಳು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗಿರಣಿಗಳ ಜೊತೆಗೆ ಕಾರ್ಮಿಕರ ಮನೆಗಳಿಗೂ ಅಲ್ಲಿ ರಕ್ಷಣೆ ದೊರೆತಿರುವುದು ನ್ಯಾಯವೇ. ಈ ಉದ್ಯಮ ನಿಂತದ್ದು ಅಲ್ಲಿ ಬಾಳಿದವರ ದುಡಿಮೆಯ ಮೇಲೆ.