ಸೆಂಟ್ರಿಂಗ್ ಬಿಚ್ಚಿದ ದಿನ

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುತ್ತೆ, ಸೆಂಟ್ರಿಂಗ್ ಬಿಚ್ಚುವ ದಿನ ಎದೆ ಹೇಗೆ ಡವಡವ ಅನ್ನುತ್ತೆ ಅಂತ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಫ್‌ಮನ್ ಕುಟುಂಬಕ್ಕಾಗಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೇ ಕಟ್ಟಿದ 'ಫಾಲಿಂಗ್‌ವಾಟರ್' ಮನೆಯ ಕಥೆಯೂ ಅದೇ. 1936ರಲ್ಲಿ ಆಸರೆ ತೆಗೆದ ಕೂಡಲೇ, ನೀರಿನ ಮೇಲೆ ಚಾಚಿದ್ದ ದೊಡ್ಡ ತಾರಸಿ 1¾ ಇಂಚು ಬಾಗಿತು!

ಕಾಫ್‌ಮನ್ ಕಡೆಯ ಎಂಜಿನಿಯರುಗಳು ನಕ್ಷೆಯಲ್ಲಿದ್ದುದರ ಸುಮಾರು ಎರಡರಷ್ಟು ಕಬ್ಬಿಣ ಹಾಕಿಸಿದ್ದರು. ರೈಟ್ ಅದಕ್ಕೆ ಸಿಡಿದಿದ್ದರು. ಅಷ್ಟು ಹಾಕದಿದ್ದರೆ ತಾರಸಿ ನಿಲ್ಲುತ್ತಿರಲಿಲ್ಲ ಅನ್ನೋದು ದಶಕಗಳ ನಂತರ ಲೆಕ್ಕ ಹಾಕಿದಾಗ ಗೊತ್ತಾಯಿತು. 1937ರಲ್ಲಿ ಮನೆಯವರು ಬಂದು ಇರತೊಡಗಿದರು. ತಾರಸಿ ಮಾತ್ರ ಬಾಗುತ್ತಲೇ ಹೋಯಿತು, 7 ಇಂಚಿನವರೆಗೆ. ಕೊನೆಗೆ 2002ರಲ್ಲಿ ಉಕ್ಕಿನ ಕೇಬಲ್ ಎಳೆದು ಬಿಗಿದರು.

ರೈಟ್ ಹೆಸರು ಜಗತ್ತಿಗೇ ಗೊತ್ತು. ಕಬ್ಬಿಣ ಹೆಚ್ಚಿಸಿ ಬೈಸಿಕೊಂಡವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ?